ಲಂಬೂ ಏಳಲಿಲ್ಲ

“ಮೊದಲು ನನ್ನ ಸ್ಕೆಚ್ ಪೆನ್ ಕೊಡಿ,” ಎಂದು ಚೂಟಿ ಸೊಂಟದ ಮೇಲೆ ಕೈಯಿಟ್ಟು ನಿಂತಳು.

ಅಣ್ಣನಾಗಲಿ, ಅವನ ಗೆಳೆಯರಾಗಲಿ ಕೇಳಿಸಿಕೊಂಡರೆ ತಾನೆ. ಕಾಲೇಜಿನ ಪರೀಕ್ಷೆ ಮುಗಿಯಿತೆಂದು ನಾಲ್ವರೂ ಬೆಳಗ್ಗೆಯಿಂದ ಅಣ್ಣನ ರೂಮಿನಲ್ಲಿ ಕುಡಿಯುತ್ತ ಕೂತಿದ್ದರು. ಅಪ್ಪ ಅಮ್ಮ ಕೆಲಸಕ್ಕೆ ಹೋಗಿದ್ದರು. ರೂಮಿಗೆ ರೂಮೇ ನಾರುತ್ತಿತ್ತು. ನಾಲ್ವರಲ್ಲಿ ಎತ್ತರದವನಾದ ಲಂಬೂ ನೆಲದ ಮೇಲೆ ಅಂಗಾತ ಬಿದ್ದಿದ್ದ. ಒಬ್ಬ ಅವನ ಮುಖಕ್ಕೆ ಚೂಟಿಯ ಪೆನ್ನಿನಿಂದ ಮೀಸೆ ಬರೆಯುತ್ತಿದ್ದ, ಇನ್ನೊಬ್ಬ ಫೋಟೋ ತೆಗೆಯುತ್ತಿದ್ದ.

ಲಂಬೂ ಅಂದರೆ ಚೂಟಿಗೆ ಬಲು ಇಷ್ಟ. ಸೈಕಲ್ ಚೈನ್ ಬಿದ್ದರೆ ಅಣ್ಣ ಗೊಣಗುತ್ತಾನೆ, ಲಂಬೂ ಕೂತು ಹಾಕಿಕೊಡುತ್ತಾನೆ.

ಪೆನ್ನು ಈಗ ಲಂಬೂನ ಕಿವಿಯವರೆಗೂ ಹೋಯಿತು.

“ಕಿವಿ ಮುಟ್ಟಿದ್ರೆ ಕಚಗುಳಿ ಅಂತ ಕುಣಿದಾಡ್ತಾನಲ್ಲ, ಈಗ್ಯಾಕೆ ಅಲ್ಲಾಡ್ತಿಲ್ಲ?” ಎಂದಳು ಚೂಟಿ.

“ಬೆಟ್ ಕಟ್ಟಿ ಒಂದೇ ಉಸಿರಿಗೆ ಬಾಟ್ಲಿ ಖಾಲಿ ಮಾಡ್ದ ಕಣೇ,” ಅಣ್ಣ ನಕ್ಕ. “ಮಲಗಿ ಎದ್ರೆ ಸರಿಹೋಗ್ತಾನೆ.”

ಚೂಟಿ ಅಲುಗಿಸಿ ನೋಡಿದಳು. ಕೈ ತಣ್ಣಗಿತ್ತು. ಉಸಿರು ಗೊರಗೊರ ಅಂದು ನಿಲ್ಲುತ್ತಿತ್ತು, ತಡೆದು ಮತ್ತೆ ಬರುತ್ತಿತ್ತು.

“ಅಣ್ಣಾ, ಅಮ್ಮನಿಗೆ ಫೋನ್ ಮಾಡು.”

“ತಲೆ ಕೆಟ್ಟಿದೆಯಾ? ಗೊತ್ತಾದ್ರೆ ನಮ್ಮ ಕತೆ ಮುಗೀತು. ಇವನ ಮನೇಲಿ ಕಾಲೇಜೇ ಬಿಡಿಸ್ತಾರೆ. ಬಾಯಿ ಮುಚ್ಕೊಂಡಿರು, ಇದು ದೊಡ್ಡವರ ವಿಷಯ.”

ದೊಡ್ಡವರಂತೆ, ದೊಡ್ಡವರು. ಚೂಟಿಗೆ ಮೈಯೆಲ್ಲ ಉರಿಯಿತು. ಗೆಳೆಯ ಹೀಗೆ ಬಿದ್ದಿರುವಾಗ ಫೋಟೋ ತೆಗೆಯುವುದಕ್ಕೆ ಇವರು ದೊಡ್ಡವರಾಗಬೇಕಿತ್ತೇ? ಅಣ್ಣ ರಟ್ಟೆ ಹಿಡಿದ. ಅವಳು ಕೊಸರಿಕೊಂಡು ಮೆಟ್ಟಿಲಿಳಿದು ಓಡಿ, ಕೆಳಗಿನ ಮನೆಯ ನರ್ಸ್ ಆಂಟಿಯ ಬಾಗಿಲು ಬಡಿದಳು.

ಆಂಟಿ ಬಂದವರೇ ಲಂಬೂನನ್ನು ಮಗ್ಗುಲಿಗೆ ತಿರುಗಿಸಿದರು. ಅವನ ಬಾಯಿಂದ ವಾಂತಿ ಹರಿಯಿತು. ಅದನ್ನು ಒರೆಸುತ್ತಲೇ ಆಂಬುಲೆನ್ಸಿಗೆ ಫೋನ್ ಮಾಡಿದರು.

“ಯಾವಾಗಿಂದ ಹೀಗಿದ್ದಾನೆ?”

ಒಬ್ಬ ಫೋನನ್ನು ಜೇಬಿಗೆ ತುರುಕಿದ, ಇನ್ನೊಬ್ಬ ಸ್ಕೆಚ್ ಪೆನ್ನಿನ ಮುಚ್ಚಳ ಹಾಕಿದ.

“ನಿಮ್ಮನ್ನೇ ಕೇಳ್ತಿರೋದು. ಇದು ಗಂಟಲಲ್ಲಿ ಸಿಕ್ಕಿದ್ರೆ ಉಸಿರುಗಟ್ಟಿ ಸಾಯ್ತಿದ್ದ. ಅಷ್ಟೂ ಗೊತ್ತಾಗಲ್ವಾ ನಿಮಗೆ?”

ಆಂಟಿ ತಿಳಿಸಿದೊಡನೆ ಕೆಲಸದಿಂದ ಓಡಿಬಂದ ಅಮ್ಮ ಅಣ್ಣತಂಗಿಯರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಆ ಇಬ್ಬರು ಗೆಳೆಯರು ಅಷ್ಟರಲ್ಲಿ ಜಾಗ ಖಾಲಿ ಮಾಡಿದ್ದರು.

ಸಂಜೆ ಡಾಕ್ಟರ್ ಹೊರಗೆ ಬಂದರು. “ಉಳ್ಕೊಳ್ತಾನೆ. ಇನ್ನೂ ಎಚ್ಚರ ಆಗಿಲ್ಲ. ಅವನ ಮನೆಯವರನ್ನ ಕರೆಸಿ.”

ಅಣ್ಣ ಫೋನ್ ಹಚ್ಚಿದ, ಕಟ್ ಮಾಡಿದ. ಮತ್ತೆ ಹಚ್ಚಿದ, ಮತ್ತೆ ಕಟ್ ಮಾಡಿದ.

“ಏನಂತ ಹೇಳ್ಲಿ ಚೂಟಿ? ನೀನೇ ಮಾತಾಡ್ತೀಯಾ?”

“ಇಲ್ಲ. ನೀನೇ ಹೇಳು. ಆಗಿದ್ದನ್ನ ಹೇಳು.”

ಅಣ್ಣ ಮತ್ತೆ ಹಚ್ಚಿದ, ಈ ಸಲ ಕಟ್ ಮಾಡಲಿಲ್ಲ. ಲಂಬೂನ ಅಮ್ಮ ಫೋನ್ ಎತ್ತಿದರು. ಪಕ್ಕದಲ್ಲಿ ಕೂತಿದ್ದ ಚೂಟಿಗೂ ಅವರ ದನಿ ಕೇಳಿಸಿತು.

“ಹೇಳಪ್ಪಾ, ಪರೀಕ್ಷೆ ಚೆನ್ನಾಗಾಯ್ತಾ? ನಮ್ಮವನು ಫೋನೇ ಎತ್ತುತ್ತಿಲ್ಲ. ಪಾಪ, ಓದಿ ಓದಿ ಸುಸ್ತಾಗಿ ಮಲಗಿದ್ದಾನೇನೋ ಅಲ್ವಾ?”

“ಇಲ್ಲ ಆಂಟಿ, ಆಸ್ಪತ್ರೇಲಿದ್ದಾನೆ,” ಎಂದ ಅಣ್ಣ. ಮೂವರೂ ಬಾಯಿ ಬಿಡಲು ಯಾಕೆ ಅಷ್ಟು ಹೆದರಿದ್ದರು ಎಂದು ಚೂಟಿಗೆ ಈಗ ಅರ್ಥವಾಯಿತು. ಅರ್ಥವಾದರೂ ಅವಳ ಕೋಪವೇನೂ ಇಳಿಯಲಿಲ್ಲ. ಆದರೆ ಅವನು ಮಾತು ಮುಗಿಸುವವರೆಗೂ ಪಕ್ಕದಿಂದ ಏಳಲೂ ಇಲ್ಲ.