ಔಷಧಿ ಬೀರುವಿನ ಮೂರನೆಯ ಬೀಗದಕೈ

ಹದ್ದು ಎಂದೇ ಹೆಸರಾದ ಇನ್ಸ್‌ಪೆಕ್ಟರನ ಮೂಗು ಎಂಥದೆಂದರೆ, ಮೂರು ಊರಿನಾಚೆ ಯಾರಾದರೂ ಕೊಲೆಯ ಯೋಚನೆ ಮಾಡಿದರೆ ಸಾಕು, ಇಲ್ಲಿ ಕುಳಿತವನಿಗೆ ಸೀನು ಬರುತ್ತಿತ್ತು. ಒಮ್ಮೆ ಅವನು ಸೀನಿದ್ದು ಕೇಳಿ ಇಬ್ಬರು ಕಳ್ಳರು ತಾವಾಗಿಯೇ ಠಾಣೆಗೆ ಬಂದು, ಸಾಲಿನಲ್ಲಿ ನಿಂತು ಕೋಳ ಹಾಕಿಸಿಕೊಂಡರು. ಇದರಲ್ಲಿ ಎಳ್ಳಷ್ಟು ಸುಳ್ಳಿದ್ದರೆ ನನ್ನ ನಾಲಿಗೆ ಬಿದ್ದುಹೋಗಲಿ.

ಆ ಬೆಳಿಗ್ಗೆ ನಾಯಿ-ಬೆಕ್ಕುಗಳ ಆಸ್ಪತ್ರೆಯ ಬಾಗಿಲಲ್ಲಿ ಹದ್ದು ಮೂರು ಸಲ ಸೀನಿದ. ಕಿಟಕಿಯ ಗಾಜು ಅದುರಿತು. ಹೊಸ್ತಿಲು ದಾಟುವ ಮೊದಲೇ ಅವನಿಗೆ ಎಲ್ಲ ತಿಳಿದುಹೋಗಿತ್ತು.

ಒಳಗೆ ಡಾಕ್ಟರಮ್ಮ ಸತ್ತಿದ್ದಳು. ಆಪರೇಷನ್ ಕೋಣೆಯ ಮೂಲೆಯಲ್ಲಿ ಗೋಡೆಗೊರಗಿದ್ದಳು. ಪಕ್ಕದಲ್ಲಿ ಖಾಲಿ ಚಹಾ ಲೋಟ. ಎದುರಿಗೆ ಕಬ್ಬಿಣದ ಔಷಧಿ ಬೀರು ಬಾಯ್ತೆರೆದಿತ್ತು. ಬೀಗದಕೈ ಬೀಗದಲ್ಲೇ ಇತ್ತು. ಪಂಜರದಲ್ಲಿ ಕಾಲಿಗೆ ಪಟ್ಟಿ ಕಟ್ಟಿಸಿಕೊಂಡ ನಾಯಿಯೊಂದು ಬಾಲ ಅಲ್ಲಾಡಿಸದೆ ನೋಡುತ್ತಿತ್ತು.

ಹೆಣವನ್ನು ಮೊದಲು ಕಂಡವನು ಆಸ್ಪತ್ರೆಯ ಪಾಲುದಾರ ಡಾಕ್ಟರು. ನರೆತ ಗಡ್ಡ, ಬಾಯಲ್ಲಿ ಏಲಕ್ಕಿ.

"ಏನಾದರೂ ಮುಟ್ಟಿದ್ರಾ?"

"ಇಲ್ಲ ಸಾರ್. ನೋಡಿದ ಕೂಡಲೇ ನಿಮಗೆ ಫೋನ್ ಮಾಡಿದೆ."

"ಬೀರೂಗೆ ಎಷ್ಟು ಬೀಗದಕೈ?"

"ಎರಡೇ. ಅವರದೊಂದು, ನನ್ನದೊಂದು." ಜೇಬಿನಿಂದ ತೆಗೆದು ತೋರಿಸಿದ. ಫಳಫಳ ಹೊಳೆಯಿತು. "ಬೀಗದಲ್ಲಿರೋದು ಅವರದು. ನಿನ್ನೆ ಸಂಜೆ ಕೂಡ ಅದರಲ್ಲೇ ತೆಗೆದರು, ನನ್ನ ಕಣ್ಣೆದುರೇ. ಒಂದು ಮುದಿ ಬೆಕ್ಕಿಗೆ ಔಷಧಿ ಬೇಕಿತ್ತು."

ಆಮೇಲೆ ದೊಡ್ಡದಾಗಿ ನಿಟ್ಟುಸಿರು ಬಿಟ್ಟ. "ನಮ್ಮ ವೃತ್ತೀನೇ ಹಾಗೆ ಸಾರ್. ದಿನಾ ಸಾವು ನೋಡ್ತೀವಿ. ಎಷ್ಟೋ ಸಲ ನಾವೇ ಸಾವು ಕೊಡ್ತೀವಿ. ನಮ್ಮಲ್ಲಿ ಆತ್ಮಹತ್ಯೆ ಜಾಸ್ತಿ ಅಂತ ತಿಳಿದವರೇ ಹೇಳಿದ್ದಾರೆ."

ಹದ್ದು ತಲೆಯಾಡಿಸಿದ.

* * *

"ಅದು ನಿಜಾನಾ?" ಎಂದು ಹದ್ದು ಶವಾಗಾರದ ಡಾಕ್ಟರನ್ನು ಕೇಳಿದ. ಆಕೆ ಕೈ ತೊಳೆಯುತ್ತಿದ್ದಳು.

"ನಿಜ. ಹಲವು ದೇಶಗಳಲ್ಲಿ ಎಣಿಸಿ ನೋಡಿದ್ದಾರೆ. ಪಶುವೈದ್ಯರಲ್ಲಿ ಉಳಿದವರಿಗಿಂತ ಹೆಚ್ಚೇ. ಹಲ್ಲಿನ ಡಾಕ್ಟರುಗಳೂ ಹಾಗೇ ಅಂತಾರಲ್ಲ, ಅದರಲ್ಲಿ ಮಾತ್ರ ಅರ್ಧ ಬರೀ ಊರಮಾತು."

"ಯಾಕೆ ಹೆಚ್ಚು?"

"ಮೈಮುರಿಯೋ ಕೆಲಸ. ಜನರ ಬೈಗುಳ. ಔಷಧಿ ಕೈಗೆಟುಕೋ ಹಾಗಿರುತ್ತೆ. ಎಲ್ಲಕ್ಕಿಂತ ಮಿಗಿಲಾಗಿ, ನಾನೇ ಡಾಕ್ಟರು, ನಾನು ಯಾರ ಹತ್ರ ಹೋಗ್ಲಿ ಅನ್ನೋ ನಾಚಿಕೆ."

"ಹಾಗಾದ್ರೆ ಮುಗೀತು."

"ಏನ್ರೀ ಮುಗೀತು?" ಆಕೆ ನಲ್ಲಿ ನಿಲ್ಲಿಸಿದಳು. "ಅದು ಸಾವಿರಾರು ಜನರ ಲೆಕ್ಕ. ಈ ಒಬ್ಬಳಿಗೆ ಏನಾಯ್ತು ಅಂತ ಅದು ಹೇಳಲ್ಲ. ಮಳೆಗಾಲ ಅಂದಮಾತ್ರಕ್ಕೆ ಒದ್ದೆಯಾದವರೆಲ್ಲ ಮಳೇಲೇ ನೆಂದರು ಅಂತೀರಾ? ಲೋಟದ ತಳದಲ್ಲಿ ಉಳಿದಿದ್ದ ಚಹಾ ಪರೀಕ್ಷೆಗೆ ಹೋಗಿದೆ. ಬರೋ ತನಕ ತಡೀರಿ."

ಹದ್ದಿಗೆ ತಡೆಯುವ ಅಭ್ಯಾಸವಿರಲಿಲ್ಲ. ಸತ್ತವಳಿಗೆ ಬೆದರಿಕೆ ಹಾಕಿದವನೊಬ್ಬ ಇದ್ದ. ಬೇಕರಿಯವನು. ಆಪರೇಷನ್ನಿನಲ್ಲಿ ತನ್ನ ನಾಯಿ ಸತ್ತಿತೆಂದು ಆಸ್ಪತ್ರೆಯ ಬಾಗಿಲಲ್ಲೇ "ನಿನ್ನನ್ನ ಸುಮ್ಮನೆ ಬಿಡಲ್ಲ" ಎಂದು ಕೂಗಾಡಿದ್ದ. ಮೀಸೆ ಎಂದೇ ಹೆಸರಾದ ಪೇದೆ ಅವನನ್ನು ಹಿಟ್ಟು ಮೆತ್ತಿದ ಕೈಯಲ್ಲೇ ಎಳೆತಂದ.

"ಬೈದಿದ್ದು ಹೌದು ಸಾರ್. ಬಾಯಿಗೆ ಬಂದ ಹಾಗೆ ಬೈದೆ. ಆ ತಾಯಿ ಕೈಕಟ್ಟಿ ಕೇಳಿಸಿಕೊಂಡ್ರು. ಸಾಯೋ ಹಿಂದಿನ ಮಧ್ಯಾಹ್ನ ಅವರೇ ಫೋನ್ ಮಾಡಿದ್ರು. 'ನಿಮ್ಮ ನಾಯಿಗೆ ಆಪರೇಷನ್ ಮಾಡಿದ್ದು ನಾನಲ್ಲ. ಆದರೂ ತಪ್ಪು ನಮ್ಮ ಆಸ್ಪತ್ರೆದು. ನಾಳೆ ಬನ್ನಿ, ನಡೆದದ್ದೆಲ್ಲ ಹೇಳ್ತೀನಿ' ಅಂದ್ರು. ಬಂದ್ರೆ ಬಾಗಿಲಲ್ಲಿ ನೀವು!"

"ಆ ರಾತ್ರಿ ಎಲ್ಲಿದ್ದೆ?"

"ಒಲೆ ಮುಂದೆ. ನಾನು ಮಲಗಿದ್ರೆ ಬೆಳಿಗ್ಗೆ ಈ ಬೀದಿಗೆ ಬ್ರೆಡ್ ಯಾರು ಕೊಡ್ತಾರೆ, ನಿಮ್ಮ ಮೀಸೆನಾ?"

ಬೇಕರಿಯ ಕೆಲಸಗಾರರೆಲ್ಲ ಹೌದೆಂದರು. ಹದ್ದು ಅವನನ್ನು ಬಿಟ್ಟುಬಿಟ್ಟ. ಫೋನಿನ ಮಾತಿಗೆ ಅರ್ಥವನ್ನು ತಾನೇ ಕಟ್ಟಿಕೊಂಡ: ಪಾಪಪ್ರಜ್ಞೆ ಕೊರೆದಿದೆ, ಹೋಗಿಬಿಟ್ಟಳು.

* * *

ನಾಲ್ಕನೆಯ ದಿನ ಅವನು ಸತ್ತವಳ ಸಾಮಾನು ಹಿಡಿದು ಅವಳ ಅಕ್ಕನ ಬಳಿಗೆ ಹೋದ. ಅಕ್ಕ ಹಲ್ಲಿನ ಡಾಕ್ಟರು. ಅವಳ ಚಿಕಿತ್ಸಾಲಯ ರಸ್ತೆಯ ಆಚೆ ಬದಿಗೇ. ಮೊದಲ ದಿನ ಹದ್ದು ಅವಳನ್ನು ಕೇಳಿದ್ದು ಒಂದೇ ಪ್ರಶ್ನೆ: ತಂಗಿಗೆ ಖಿನ್ನತೆ ಇತ್ತಾ? ಹಿಂದೆ ಇತ್ತು ಎಂದಿದ್ದಳು. ಅಷ್ಟಕ್ಕೇ ಅವನು ಪೆನ್ನು ಮುಚ್ಚಿದ್ದ.

ಅಕ್ಕ ಒಂದೊಂದಾಗಿ ತೆಗೆದಿಟ್ಟಳು. ಕನ್ನಡಕ. ಕೈಗಡಿಯಾರ. ಬೀಗದಕೈ.

"ಇದು ಯಾರದ್ದು?"

"ನಿಮ್ಮ ತಂಗೀದು. ಔಷಧಿ ಬೀರೂದು."

"ಅವಳದ್ದು ನನ್ನ ಹತ್ರ ಇದೆ."

ಕೊರಳ ಸರವನ್ನು ಬಿಳಿ ಕೋಟಿನೊಳಗಿಂದ ಎಳೆದಳು. ತುದಿಯಲ್ಲಿ ಅಂಥದೇ ಬೀಗದಕೈ.

"ಹೋದ ವರ್ಷ ಹುಷಾರಿಲ್ಲದಾಗ ಅವಳೇ ತಂದು ಕೊಟ್ಲು. ಅವಳ ಮನೋವೈದ್ಯರು ಹಾಗೆ ಮಾಡು ಅಂದಿದ್ರಂತೆ. 'ಅಕ್ಕಾ, ಇದು ನನ್ನ ಕೈಲಿರಬಾರದು. ನಾನು ಕೇಳಿದ್ರೂ ಕೊಡಬೇಡ' ಅಂದ್ಲು. ಚೇತರಿಸಿಕೊಂಡ ಮೇಲೆ, ತಗೊಳ್ಳೇ ಅಂದೆ. 'ಅಲ್ಲೇ ಇರಲಿ, ನನಗೆ ಒಳ್ಳೆ ನಿದ್ದೆ ಬರುತ್ತೆ' ಅಂತ ನಕ್ಲು."

"ಮತ್ತೆ ಔಷಧಿ ಬೇಕಾದಾಗ?"

"ಪಾಲುದಾರರನ್ನ ಕರೆದು ತೆಗೆಸ್ತಿದ್ಲು. ಕಾರಣ ಹೇಳಿರಲಿಲ್ಲ. ಗೊತ್ತಾದ್ರೆ ಹುಚ್ಚು ಡಾಕ್ಟರು ಅಂತಾರೆ ಅನ್ನೋ ಭಯ."

"ಇದನ್ನ ಮೊದಲೇ ಯಾಕೆ ಹೇಳಲಿಲ್ಲಮ್ಮಾ?"

"ಬೀರು, ಬೀಗದಕೈ ಅಂತ ನೀವು ಬಾಯಿಬಿಟ್ರಾ?" ಅವಳು ಕೊರಳ ಬೀಗದಕೈಯನ್ನು ಮುಷ್ಟಿಯಲ್ಲಿ ಹಿಡಿದಳು. "ಎಂಥ ಕೆಟ್ಟ ದಿನ ಬಂದ್ರೂ ಮೊದಲು ನಿನ್ನ ಹತ್ರ ಬರ್ತೀನಿ ಅಂತ ಮಾತು ಕೊಟ್ಟಿದ್ಲು. ರಸ್ತೆ ದಾಟಿದ್ರೆ ನಾನು. ಅವತ್ತು ಬಂದಿದ್ಲಾ? ನಾನೇ ಬಾಗಿಲು ಹಾಕಿಕೊಂಡು ಕೂತಿದ್ನಾ? ಇಷ್ಟು ಗೊತ್ತಾದ್ರೆ ಸಾಕು ನನಗೆ."

ಹದ್ದಿನ ಮೂಗಿನ ತುದಿ ತಣ್ಣಗಾಯಿತು.

* * *

ಆಪರೇಷನ್ ಕೋಣೆ. ಪಾಲುದಾರ ಡಾಕ್ಟರನ ಎದುರು ಉಕ್ಕಿನ ಮೇಜು. ಹದ್ದು ಅದರ ಮೇಲೆ ಮೂರು ಬೀಗದಕೈ ಸಾಲಾಗಿಟ್ಟ. ಬಾಗಿಲಲ್ಲಿ ಮೀಸೆ ಮತ್ತು ಅಕ್ಕ ನಿಂತಿದ್ದರು.

"ಎಷ್ಟು ಅಂದಿದ್ರಿ?"

ಪಾಲುದಾರನ ಕೈ ತನ್ನ ಖಾಲಿ ಜೇಬಿಗೆ ಹೋಯಿತು.

"ಇದು ಅಕ್ಕನ ಕೊರಳಲ್ಲಿದ್ದದ್ದು. ಇದು ಬೀಗದಲ್ಲಿದ್ದದ್ದು. ಎರಡರ ಮೇಲೂ ಬೀರು ಮಾಡಿದವರ ಅಂಕಿ ಕೆತ್ತಿದೆ. ನಿಮ್ಮ ಜೇಬಿನದ್ದು ಬೋಳು. ಹೊಸದು."

"ಅದಾ... ಎಂದೋ ಮಾಡಿಸಿದ್ದು. ನನ್ನ ಹಳೇದನ್ನ ಆಕೆ ತಗೊಂಡಿರಬೇಕು."

"ಎಂದೋ ಅಲ್ಲ. ಹೆಣ ಸಿಕ್ಕ ಬೆಳಿಗ್ಗೆ. ಬೀಗ ರಿಪೇರಿಯವನು ಅಂಗಡಿ ತೆಗೆಯೋಕೆ ಮೊದಲೇ ನೀವು ಬಂದು ನಿಂತಿದ್ರಂತೆ. ಮೀಸೆ ಕೇಳಿ ಬಂದಿದ್ದಾನೆ. ಅದೂ ಹೋಗಲಿ. ತನ್ನ ಬೀಗದಕೈಲೇ ಆಕೆ ಬೀರು ತೆಗೆದದ್ದನ್ನ ಕಣ್ಣಾರೆ ಕಂಡೆ ಅಂದ್ರಿ. ವರ್ಷದಿಂದ ಆಕೆ ಕೈಲಿ ಇಲ್ಲದ್ದು ನಿಮ್ಮ ಕಣ್ಣಿಗೆ ಹೇಗ್ರೀ ಬಿತ್ತು?"

ಪಾಲುದಾರ ಬಾಗಿಲ ಕಡೆ ನೋಡಿದ. ಮೀಸೆ ಅಡ್ಡ ನಿಂತ.

"ಚಹಾದಲ್ಲಿ ಮತ್ತಿನ ಮದ್ದು ಸಿಕ್ಕಿದೆ. ಮೊದಲು ಮತ್ತು ಬರಿಸಿದ್ರಿ, ಉಳಿದದ್ದನ್ನ ಆಮೇಲೆ ಮಾಡಿದ್ರಿ. ಬೇಕರಿಯವನ ನಾಯಿ ಸತ್ತದ್ದು ನಿಮ್ಮ ಕೈಲಿ. ಬಾಯಲ್ಲಿ ಸದಾ ಏಲಕ್ಕಿ ಯಾಕೆ? ಕುಡಿದು ಆಪರೇಷನ್ ಮಾಡಿದ್ರಿ, ಅಲ್ವಾ?"

"ಆಕೆ ಪಶುವೈದ್ಯರ ಮಂಡಳಿಗೆ ದೂರು ಕೊಡ್ತೀನಿ ಅಂದ್ಲು. ನನ್ನ ಮೂವತ್ತು ವರ್ಷದ ಹೆಸರು..." ಅವನು ನೆಲ ನೋಡುತ್ತಾ ಹೇಳಿದ. "ಆಮೇಲೆ ಅವಳ ಗೊಂಚಲಲ್ಲಿ ಬೀಗದಕೈ ಹುಡುಕಿದೆ. ಇರಲಿಲ್ಲ. ಮನೇಲಿ ಮರೆತಿದ್ದಾಳೆ ಅಂದ್ಕೊಂಡು ಬೆಳಿಗ್ಗೆ ನನ್ನದರ ನಕಲು ಮಾಡಿಸಿ ಜೇಬಿಗಿಟ್ಟು, ನನ್ನದನ್ನೇ ಬೀಗಕ್ಕೆ ಹಾಕಿದೆ. ಪ್ರತಿ ಸಲ ನನ್ನನ್ನೇ ಕರೀತಿದ್ಲು, ಬೀರು ತೆಗೀರಿ ಅಂತ. ಹಿರಿಯ ಅನ್ನೋ ಮರ್ಯಾದೆ ಅಂದ್ಕೊಂಡಿದ್ದೆ."

"ನಮ್ಮ ವೃತ್ತೀನೇ ಹಾಗೆ ಅಂದ್ರಲ್ಲ?"

"ಎಲ್ಲರೂ ನಂಬ್ತಾರೆ ಅಂತ ಗೊತ್ತಿತ್ತು."

* * *

ಹೊರಗೆ ಪತ್ರಿಕೆಯವರು ಮುತ್ತಿಕೊಂಡರು. ಹದ್ದು ಎದೆಯುಬ್ಬಿಸಿದ. "ಹೊಸ್ತಿಲಲ್ಲೇ ಗೊತ್ತಾಗಿತ್ತು ಕಣ್ರೀ, ಇದು ಕೊಲೆ ಅಂತ. ನನ್ನ ಮೂಗು ಎಂದಾದರೂ ಸುಳ್ಳು ಹೇಳಿದ್ದುಂಟೇ?"

ಗುಂಪಿನ ಹಿಂದೆ ಅಕ್ಕ ನಿಂತಿದ್ದಳು. ಮೆಲ್ಲಗೆ ಕೇಳಿದಳು.

"ಮೊದಲ ದಿನವೇ ಗೊತ್ತಿತ್ತಾ? ಗೊತ್ತಿದ್ದೂ ನಾಲ್ಕು ದಿನ ನನ್ನನ್ನ ಹಾಗೆ ಬೇಯೋಕೆ ಬಿಟ್ರಾ?"

ಹದ್ದು ಟೋಪಿ ತೆಗೆದು ಕೈಯಲ್ಲಿ ಹಿಡಿದ.

"ಇಲ್ಲಮ್ಮಾ. ನನಗೇನೂ ಗೊತ್ತಿರಲಿಲ್ಲ. ಆತ್ಮಹತ್ಯೆ ಅಂತ ಬರೆದು ಮುಗಿಸಿದ್ದೆ. ಸಾಮಾನು ಕೊಟ್ಟು ಮನೆಗೆ ಹೋಗೋಣ ಅಂತ ಬಂದಿದ್ದೆ. ಸೀನು ಬಂದದ್ದು ಬೆಕ್ಕಿನ ಕೂದಲಿಗೆ. ನಿಮ್ಮ ತಂಗಿ ಮಾತು ತಪ್ಪಲಿಲ್ಲ. ತಪ್ಪಿದ್ರೂ ಅದು ನಿಮ್ಮಿಂದಾಗ್ತಿರಲಿಲ್ಲ."

ಇನ್ನು ನಾನೂ ಮುಚ್ಚಿಡುವುದಿಲ್ಲ. ಕಿಟಕಿಯ ಗಾಜು ಅದುರಲಿಲ್ಲ. ಸೀನು ಕೇಳಿ ಯಾವ ಕಳ್ಳನೂ ಠಾಣೆಗೆ ಬಂದವನಲ್ಲ. ಈ ಕೊಲೆಯನ್ನು ಪತ್ತೆ ಮಾಡಿದ್ದು ಹದ್ದಲ್ಲ, ಸತ್ತವಳು. ಬದುಕಬೇಕೆಂದು ಒಂದು ವರ್ಷದ ಹಿಂದೆ ರಸ್ತೆ ದಾಟಿ ಹೋಗಿ, ಅಕ್ಕನ ಕೈಗೆ ಬೀಗದಕೈ ಇಟ್ಟು ಬಂದಿದ್ದಳಲ್ಲ, ಅವಳು.