ಕಳಿಸದ ಗಾಜು

ಬೆಳಿಗ್ಗೆ ಕದ ತೆಗೆದಾಗ ಅಂಗಡಿಯಲ್ಲಿ ಎಲ್ಲವೂ ಇದ್ದಲ್ಲೇ ಇತ್ತು. ಬೀಗ ಮುರಿದಿರಲಿಲ್ಲ. ಗೋಡೆಯ ತುಂಬ ಹಳೆಯ ಗಡಿಯಾರಗಳು ತಮ್ಮ ಪಾಡಿಗೆ ತಾವು ನಡೆಯುತ್ತಿದ್ದವು. ಆದರೂ ಅಕ್ಕ ದರೋಡೆಯಾದವಳ ಹಾಗೆ ಮುಕ್ಕಾಲಿಯ ಮೇಲೆ ಕೂತಿದ್ದಳು.

“ಓದು,” ಎಂದು ಮೊಬೈಲನ್ನು ತಮ್ಮನ ಕೈಗೆ ತುರುಕಿದಳು.

ತಮ್ಮ ವಿಮಾ ಸರ್ವೇಯರ್. ಒಡೆದ, ಸುಟ್ಟ, ನೀರಿಗೆ ಬಿದ್ದ ಸಾಮಾನುಗಳನ್ನು ನೋಡಿ ಅವು ಹೇಗೆ ಹಾಳಾದವು ಎಂದು ವರದಿ ಕೊಡುವುದು ಅವನ ಕಸುಬು. ಸುಳ್ಳು ಹೇಳಿ ಪರಿಹಾರ ಕೇಳುವವರನ್ನು ದಿನಾ ಕಂಡು ಅವನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಅಕ್ಕ ಹಳೆಯ ಗಡಿಯಾರ ರಿಪೇರಿ ಮಾಡಿ ಆನ್‌ಲೈನ್ ಹರಾಜಿನಲ್ಲಿ ಮಾರುತ್ತಿದ್ದಳು. ಬೀದಿಯಲ್ಲಿ ಗಿರಾಕಿಗಳು ಬರುವುದು ನಿಂತು ಎಷ್ಟೋ ಕಾಲವಾಗಿತ್ತು. ಅವಳ ಅನ್ನ ಈಗ ಆ ಹರಾಜು ತಾಣದಲ್ಲೇ ಇತ್ತು.

ಪರದೆಯ ಮೇಲೆ ಹೀಗಿತ್ತು: ‘ನಿಮ್ಮ ರೇಟಿಂಗ್ ಐದರಿಂದ ಎರಡು ಸ್ಟಾರ್‌ಗೆ ಇಳಿದಿದೆ. ಇನ್ನೊಂದು ದೂರು ಬಂದಲ್ಲಿ ನಿಮ್ಮ ಖಾತೆಯನ್ನು ಮುಚ್ಚಲಾಗುವುದು.’

“ಏನು ದೂರು?”

“ಗಾಜು ಒಡೆದಿದೆ ಅಂತ. ಆರು ಗಡಿಯಾರ, ಆರು ಜನ. ಎಲ್ಲರದ್ದೂ ಒಂದೇ ಮಾತು.”

“ನೀನು ಪ್ಯಾಕ್ ಮಾಡಿದ್ದು ಒಡೀತಾ?”

“ನನಗೂ ಹಾಗೇ ಅನ್ನಿಸ್ತು ಕಣೋ ಮೊದಲು. ಆದ್ರೆ ಆರು ಸಲ ಅಂದ್ರೆ ನನ್ನ ಮೇಲೆ ನನಗೇ ಅನುಮಾನ ಬಂತು. ಆರೂ ಜನಕ್ಕೆ ತಪ್ಪಾಯ್ತು, ಕ್ಷಮಿಸಿ ಅಂತ ಬರೆದೆ. ಅರ್ಧ ದುಡ್ಡು ತಾಣದವರೇ ನನ್ನಿಂದ ಕಿತ್ಕೊಂಡು ಕೊಂಡವರಿಗೆ ವಾಪಸ್ ಕೊಟ್ರು.”

“ಗಡಿಯಾರ?”

“ಗಾಜು ಒಡೆದ ಸಾಮಾನು ವಾಪಸ್ ಕಳಿಸೋ ಹಾಗಿಲ್ಲವಂತೆ. ಕೊಂಡವರ ಹತ್ರಾನೇ ಇದೆ.”

ಸರ್ವೇಯರ್ ಅಲ್ಲೇ ನಿಂತು ತಾಣದ ಸಹಾಯವಾಣಿಗೆ ಫೋನು ಹಚ್ಚಿದ. ಹುಡುಗಿಯೊಬ್ಬಳು ಎತ್ತಿದಳು.

“ಖರೀದಿದಾರರು ಫೋಟೋ ಹಾಕಿದಾರೆ ಸರ್. ಫೋಟೋ ಇದ್ರೆ ದೂರು ಸರಿ ಅಂತ ಸಿಸ್ಟಂ ತಗೊಳ್ಳುತ್ತೆ.”

“ಮನುಷ್ಯರು ಯಾರಾದ್ರೂ ನೋಡಿದ್ರಾ ಆ ಫೋಟೋನ?”

“ಸಿಸ್ಟಂ ನೋಡುತ್ತೆ ಸರ್.”

“ಇಷ್ಟು ವರ್ಷ ಸಿಕ್ಕಿದ ಐದೈದು ಸ್ಟಾರ್ ಎಲ್ಲಿ ಹೋಯ್ತು?”

“ಇತ್ತೀಚಿನ ಮಾರಾಟ ಮಾತ್ರ ಲೆಕ್ಕಕ್ಕೆ ಸರ್. ಜಾಸ್ತಿ ಮಾರೋರಿಗೆ ತೊಂದರೆ ಆಗಲ್ಲ.”

ಸರ್ವೇಯರ್ ಫೋನು ಇಟ್ಟು ಹಲ್ಲು ಕಡಿದ. ರಾಶಿ ರಾಶಿ ಮಾರುವವನಿಗೆ ಆರು ದೂರು ಸೊಳ್ಳೆ ಕಡಿದ ಹಾಗೆ. ಬಿಡಿಯಾಗಿ ಮಾರುವವಳಿಗೆ ಅದೇ ಆರು ದೂರು ಕುತ್ತಿಗೆಗೆ ಬರುತ್ತದೆ. ಕೊಳ್ಳುವವನು ಮಾರುವವಳಿಗೆ ಅಂಕ ಹಾಕಬಹುದು. ಅವಳು ತಿರುಗಿ ಹಾಕುವಂತಿಲ್ಲ, ಎದುರು ಮಾತೂ ಆಡುವಂತಿಲ್ಲ. ಇದಕ್ಕೆ ಆ ತಾಣ ಇಟ್ಟ ಹೆಸರು ನಂಬಿಕೆ.

ಆಗಲೇ ಒಬ್ಬ ದಪ್ಪ ಮನುಷ್ಯ ಮೆಟ್ಟಿಲು ಹತ್ತಿ ಬಂದ. ಊರಿನ ಸಣ್ಣ ಮಾರಾಟಗಾರರೆಲ್ಲ ಅವನನ್ನು ಸ್ಟಾರ್ ಮೇಷ್ಟ್ರು ಎನ್ನುತ್ತಿದ್ದರು. ಅದೇ ಹರಾಜು ತಾಣದಲ್ಲಿ ಹಳೆಯ ಸಾಮಾನು ಮಾರುವ ದೊಡ್ಡ ಕುಳ. ರೇಟಿಂಗ್ ಹೆಚ್ಚಿಸಿಕೊಳ್ಳುವುದು ಹೇಗೆಂದು ಉಚಿತವಾಗಿ ಪಾಠವನ್ನೂ ಹೇಳುತ್ತಿದ್ದ. ಅಂಗಡಿಗೇ ಬಂದು ಅಕ್ಕನಿಗೆ ಹರಾಜು ಕಲಿಸಿದವನು ಅವನೇ.

“ಎದೆಗುಂದಬೇಡಮ್ಮ,” ಎಂದ. “ಶುರುವಿನ ಬೆಲೆ ಇನ್ನೂ ಇಳಿಸು. ಅಗ್ಗಕ್ಕೆ ಸಿಕ್ಕಿದ್ರೆ ಜನ ಖುಷಿಯಾಗಿ ಸ್ಟಾರ್ ಕೊಡ್ತಾರೆ.” ಹೊರಡುವ ಮುಂಚೆ ಮೂಲೆಯ ಉದ್ದನೆಯ ಗೋಡೆ ಗಡಿಯಾರದ ಮುಂದೆ ನಿಂತ. “ನಿಮ್ಮಪ್ಪನದ್ದು ಇದೊಂದನ್ನ ಹರಾಜಿಗೆ ಹಾಕು, ಎಲ್ಲ ಸರಿಹೋಗುತ್ತೆ.”

“ಅದು ಮಾರೋಕಿಲ್ಲ ಮೇಷ್ಟ್ರೇ.”

“ನಿನ್ನಿಷ್ಟ,” ಎಂದು ಅವನು ಇಳಿದು ಹೋದ.

“ದೇವರಂಥ ಮನುಷ್ಯ,” ಎಂದಳು ಅಕ್ಕ.

* * *

ಒಡೆದ ಗಾಜು ಎಂದಕೂಡಲೇ ಮೊದಲ ಅನುಮಾನ ಪಾರ್ಸೆಲ್ ಅಣ್ಣನ ಮೇಲೆ. ಅಕ್ಕನ ಡಬ್ಬಗಳನ್ನು ಒಯ್ಯುವವನು ಅವನೇ. ಸರ್ವೇಯರ್ ಕೇಳಿದ್ದೇ ತಡ, ಅವನು ಕೆಂಡವಾದ.

“ಎಸೀತೀನಾ ನಾನು? ನನಗೂ ಸ್ಟಾರ್ ಹಾಕ್ತಾರೆ ಸಾರ್. ಬಾಗಿಲು ತೆಗೀದೇ ಇದ್ದವರೂ ತಡವಾಯ್ತು ಅಂತ ಒಂದು ಸ್ಟಾರ್ ಹಾಕ್ತಾರೆ. ಎಸೆದು ಬದುಕ್ತೀನಾ?”

“ಈ ಆರು ಡಬ್ಬ ಯಾರಿಗೆ ಕೊಟ್ರಿ?”

ಅವನು ತಲೆ ಕೆರೆದುಕೊಂಡ. “ಹೆಸರು ಬೇರೆ ಬೇರೆ. ಫೋನ್ ಮಾಡಿದ್ರೆ, ಮನೇಲಿಲ್ಲ, ಹಳೇ ಥಿಯೇಟರ್ ಹತ್ರದ ಜೆರಾಕ್ಸ್ ಅಂಗಡೀಲಿ ಇಡು ಅಂತಿದ್ರು. ಆರೂ ಅಲ್ಲೇ ಇಟ್ಟೆ.”

“ಆರೂ ಜನ ಅದೇ ಅಂಗಡೀನಾ?”

“ಹೌದಲ್ಲ,” ಎಂದು ಅವನೇ ಬೆರಗಾದ. ಈಗಲೇ ಹೋಗಿ ಕೇಳಿದರೆ ಕಳ್ಳ ಎಚ್ಚರಗೊಳ್ಳುತ್ತಾನೆಂದು ಸರ್ವೇಯರ್ ಆ ಅಂಗಡಿಯತ್ತ ಸುಳಿಯಲಿಲ್ಲ.

ಎರಡನೆಯ ಅನುಮಾನ ಹಲ್ಲಿನ ಡಾಕ್ಟರ ಮೇಲೆ. ಹಿಂದೊಮ್ಮೆ ಅಕ್ಕನಿಂದ ಗಡಿಯಾರ ಕೊಂಡು, ಗಂಟೆ ಜೋರಾಗಿ ಹೊಡೆಯುತ್ತದೆ ಎಂದು ರಂಪ ಮಾಡಿದ್ದರು. ‘ನಿನ್ನ ಸ್ಟಾರೆಲ್ಲ ಕಿತ್ತು ಹಾಕ್ತೀನಿ’ ಎಂದೂ ಬೆದರಿಸಿದ್ದರು. ಸರ್ವೇಯರ್ ಹೋದಾಗ ಗಡಿಯಾರ ಅವರ ಗೋಡೆಯ ಮೇಲೇ ನಡೆಯುತ್ತಿತ್ತು.

“ಒಂದು ಸ್ಟಾರ್ ಹಾಕಿದ್ದು ನಿಜ ಕಣ್ರೀ. ನನ್ನ ಹೆಸರಲ್ಲೇ ಹಾಕಿದೆ,” ಎಂದರು ಡಾಕ್ಟರು. “ಆಮೇಲೆ ಯಾವನೋ ನನಗೇ ಒಂದು ಹಾಕಿದ. ಹಲ್ಲು ಕೀಳುವಾಗ ನೋವಾಯ್ತಂತೆ. ಅವತ್ತೇ ನಿಮ್ಮಕ್ಕನದ್ದನ್ನ ಐದು ಮಾಡಿದೆ.”

ಸರ್ವೇಯರ್‌ಗೆ ಅಷ್ಟು ಸಿಟ್ಟಿನಲ್ಲೂ ನಗು ಬಂತು. ಡಾಕ್ಟರನ್ನು ಅನುಮಾನದ ಪಟ್ಟಿಯಿಂದ ಬಿಟ್ಟುಬಿಟ್ಟ.

* * *

ಮಧ್ಯಾಹ್ನ ಅವನು ಆರು ಫೋಟೋಗಳನ್ನೂ ಲ್ಯಾಪ್‌ಟಾಪಿನಲ್ಲಿ ಸಾಲಾಗಿ ಇಟ್ಟ. ಗಡಿಯಾರದ ಆರು ಮುಖ, ಆರರ ಮೇಲೂ ಬಿರುಕು. ಒಂದರಲ್ಲಿ ಬಿರುಕು ಹನ್ನೆರಡರ ಹತ್ತಿರದಿಂದ ಹೊರಟಿತ್ತು, ಇನ್ನೊಂದರಲ್ಲಿ ನಾಲ್ಕರಿಂದ, ಮತ್ತೊಂದರಲ್ಲಿ ಒಂಬತ್ತರಿಂದ. ಅವನು ಒಂದೊಂದೇ ಫೋಟೋವನ್ನು ಸ್ವಲ್ಪ ಸ್ವಲ್ಪ ತಿರುಗಿಸಿದ. ಕೊನೆಯದು ತಿರುಗಿ ನಿಂತಾಗ ಅವನ ಕೈಯೂ ನಿಂತಿತು.

“ಅಕ್ಕಾ, ಬಾ ಇಲ್ಲಿ. ಏನು ಕಾಣುತ್ತೆ?”

ಅಕ್ಕ ಕನ್ನಡಕ ಏರಿಸಿಕೊಂಡಳು. ಆರರಲ್ಲೂ ಅದೇ ಮೂರು ಕವಲಿನ ಬಿರುಕು. ಅಂಚಿನಲ್ಲಿ ಉಗುರಿನಷ್ಟು ಹಾರಿಹೋದ ಅದೇ ಚೂರು.

“ಒಂದೇ ಗಾಜು,” ಎಂದಳು ಮೆಲ್ಲಗೆ.

“ಎರಡು ಗಾಜು ಒಂದೇ ಥರ ಒಡೆದಿದ್ದನ್ನ ನಾನು ಇದುವರೆಗೂ ಕಂಡಿಲ್ಲ. ಇಲ್ಲಿ ಆರು. ಇನ್ನೂ ಒಂದಿದೆ ನೋಡು. ದೀಪದ ಬಿಂಬ.”

ಗಾಜಿನಲ್ಲಿ ಬಳೆಯ ಆಕಾರದ ದೀಪವೊಂದು ಹೊಳೆಯುತ್ತಿತ್ತು. ಅದರ ಪಕ್ಕದಲ್ಲೇ, ಕೂದಲೆಳೆ ಸರಿದು, ಮಂಕಾಗಿ ಇನ್ನೊಂದು.

“ಗಾಜು ಎರಡಿದ್ರೆ ಬಿಂಬ ಎರಡು. ನಿನ್ನ ಗಾಜು ಒಳಗೆ ನೆಟ್ಟಗಿದೆ ಅಕ್ಕ. ಒಡೆದ ಗಾಜನ್ನ ಅದರ ಮೇಲೆ ಇಟ್ಟು ಫೋಟೋ ತೆಗೆದಿದಾನೆ.”

ಅಕ್ಕನ ಮುಖ ಕೆಂಪಾಯಿತು. ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಮೇಜಿನ ಮೇಲೆ ಕುಕ್ಕಿದಳು. “ನನ್ನ ಕೈಯಿಂದ ಕ್ಷಮೆ ಕೇಳಿಸಿದ್ನಲ್ಲೋ. ಅವನ ಕೈ ಸೇದಿಹೋಗ.”

“ಒಂದು ಯೋಚನೆ ಮಾಡು. ನಿಜವಾಗಿ ಒಡೆದಿದ್ರೆ ಅವನಿಗೆ ಕೆಲಸ ಸುಲಭ ಇತ್ತು. ಯಾಕೆ ಒಡೀಲಿಲ್ಲ?”

ಅಕ್ಕ ಮತ್ತೆ ಫೋಟೋಗಳತ್ತ ಬಾಗಿದಳು.

“ಹೊಟ್ಟೆಕಿಚ್ಚಿನವನಾಗಿದ್ರೆ ಒಡೀತಿದ್ದ. ಮಾರೋನಿಗೆ ಮಾತ್ರ ಒಡೆಯೋಕೆ ಮನಸ್ಸು ಬರಲ್ಲ. ನಿನ್ನ ರೇಟಿಂಗ್ ಬಿದ್ದಷ್ಟೂ ಕೂಗೋರು ಕಡಿಮೆ, ಬೆಲೆ ಕಡಿಮೆ. ಅದರ ಮೇಲೆ ಅರ್ಧ ದುಡ್ಡು ವಾಪಸ್. ನಿನ್ನ ಕೆಲಸಾನ ಹೆಚ್ಚುಕಡಿಮೆ ಪುಕ್ಕಟೆ ತಗೊಂಡು ತನ್ನ ಹೆಸರಲ್ಲಿ ಮಾರ್ತಿದಾನೆ.”

* * *

ಪೊಲೀಸ್ ಠಾಣೆಯಲ್ಲಿ ಇನ್‌ಸ್ಪೆಕ್ಟರ್ ಮೇಡಂ ಎಲ್ಲವನ್ನೂ ಕೇಳಿಸಿಕೊಂಡರು.

“ಸ್ಟಾರ್ ಬಿದ್ದಿದ್ದಕ್ಕೆ ನಾನೇನೂ ಮಾಡೋಕಾಗಲ್ಲ. ಸುಳ್ಳು ಹೇಳಿ ಸಾಮಾನು ಹೊಡ್ಕೊಂಡಿದ್ರೆ ಅದು ನನ್ನ ಕೆಲಸ. ಆದ್ರೆ ಫೋಟೋ ನೋಡಿ ಊಹಿಸಿದ್ದು ಸಾಲದು. ಕೈಯಲ್ಲಿ ಹಿಡಿಯೋ ಅಂಥದ್ದು ಕೊಡಿ.”

ಸರ್ವೇಯರ್ ಹೊರಗೆ ಬಂದು ಉಪಾಯ ಹೇಳಿದ. ಅಕ್ಕ ಬೆಚ್ಚಿದಳು.

“ಇನ್ನೊಂದು ದೂರು ಬಂದ್ರೆ ಅಂಗಡಿ ಮುಚ್ತಾರೆ ಕಣೋ. ಬೇರೆ ಯಾರೋ ಒಳ್ಳೆಯವರು ಕೊಂಡ್ಕೊಂಡ್ರೆ? ಗಾಜು ಬಿಚ್ಚಿ ಕಳಿಸಿದ್ರೆ ಗಾಜಿಲ್ಲ ಅಂತ ಅವರು ಬರೀತಾರೆ. ಅಲ್ಲಿಗೆ ನನ್ನ ಕಥೆ ಮುಗೀತು.”

“ಮುಗೀಬಹುದು. ಸುಮ್ನಿದ್ರೂ ಅದೇ ಆಗೋದು.”

ಅಕ್ಕ ಅಂಗಡಿಗೆ ಹೋಗಿ ಮೂಲೆಯಲ್ಲಿದ್ದ ಅಪ್ಪನ ಗಡಿಯಾರವನ್ನು ತಾನೇ ಕೆಳಗಿಳಿಸಿದಳು. ಅದರ ಮುಖವೂ ಆ ಆರರಷ್ಟೇ ಅಗಲ. ಕಳ್ಳನ ಬಾಯಲ್ಲಿ ನೀರೂರಿಸುವಂಥದ್ದು ಅದೊಂದೇ ಇತ್ತು.

ಗಾಜಿರುವ ಫೋಟೋ ಹಾಕಿ, ಬೆಲೆ ತೀರ ಇಳಿಸಿ ಹರಾಜಿಗಿಟ್ಟರು. ಎರಡು ಸ್ಟಾರ್ ನೋಡಿ ಯಾರೂ ಹತ್ತಿರ ಸುಳಿಯಲಿಲ್ಲ. ಕೂಗಿದವನು ಒಬ್ಬನೇ, ಹಿಂದೆ ಯಾವತ್ತೂ ಕೇಳದ ಹೆಸರಿನವನು. ಅಪ್ಪನ ಗಡಿಯಾರ ಕಡಲೆಕಾಯಿ ಬೆಲೆಗೆ ಹೋಯಿತು. ಅಕ್ಕ ಇನ್‌ಸ್ಪೆಕ್ಟರರ ಮೇಜಿನ ಮೇಲೆಯೇ ಅದರ ಗಾಜನ್ನು ಬಿಚ್ಚಿ ಅವರ ಕೈಗೆ ಕೊಟ್ಟಳು. ಬರೀ ಮುಖದ ಗಡಿಯಾರಕ್ಕೆ ಹತ್ತಿ ಸುತ್ತಿ ಡಬ್ಬಕ್ಕಿಟ್ಟಳು. ಠಾಣೆಯವರು ವಿಡಿಯೋ ಮಾಡಿಕೊಂಡರು. ಪಾರ್ಸೆಲ್ ಅಣ್ಣ ಡಬ್ಬವನ್ನು ಮಗು ಎತ್ತಿದ ಹಾಗೆ ಎತ್ತಿಕೊಂಡು ಹೋದ. ಈ ಸಲವೂ ಅವನಿಗೆ ಫೋನಿನಲ್ಲಿ ಬಂದ ಮಾತು ಅದೇ, ಜೆರಾಕ್ಸ್ ಅಂಗಡಿಯಲ್ಲಿಡು.

ಮಾರನೆಯ ದಿನ ದೂರು ಬಂತು. ‘ಗಾಜು ನುಚ್ಚುನೂರು. ತೆಗೆಯುವಾಗ ಕೈ ಕೊಯ್ದುಕೊಂಡೆ. ಇಂಥವರನ್ನು ನಂಬಬೇಡಿ. ಒಂದು ಸ್ಟಾರ್.’ ಜೊತೆಗೆ ಫೋಟೋ. ಅದೇ ಮೂರು ಕವಲು, ಅದೇ ಹಾರಿಹೋದ ಚೂರು.

“ದೀಪ ನೋಡು,” ಎಂದ ಸರ್ವೇಯರ್. “ಈ ಸಲ ಒಂದೇ.”

ಅವನು ಮಾತು ಮುಗಿಸುವ ಮುಂಚೆಯೇ ಪರದೆ ಬೆಳ್ಳಗಾಯಿತು. ಅಕ್ಕನ ಖಾತೆ ಮುಚ್ಚಿತ್ತು.

* * *

ಡಬ್ಬಗಳನ್ನು ಯಾರು ಒಯ್ಯುತ್ತಾರೆಂದು ಜೆರಾಕ್ಸ್ ಅಂಗಡಿಯವನನ್ನು ಇನ್‌ಸ್ಪೆಕ್ಟರ್ ಕೇಳಿದರು. ಅವನು ಬಾಯಿ ಬಿಡದೆ ಬೆರಳನ್ನು ಚಾವಣಿಯತ್ತ ಎತ್ತಿದ. ಮೇಲಿನ ಮಹಡಿಯಿಂದ ಮೈಕಿನ ದನಿ ಕೇಳುತ್ತಿತ್ತು.

“ಗಿರಾಕಿಯ ನಂಬಿಕೆಯೇ ನಮ್ಮ ಬಂಡವಾಳ...”

ಅಕ್ಕನ ಕಾಲು ಮೆಟ್ಟಿಲ ಮೇಲೇ ನಿಂತುಬಿಟ್ಟಿತು. ಬೇರೆ ಯಾರ ದನಿಯಾಗಿದ್ದರೂ ಅವಳು ಸಹಿಸುತ್ತಿದ್ದಳು. ತಮ್ಮ ಕೈ ಹಿಡಿಯಲು ಬಂದ. ಅವಳು ಕೊಡವಿಕೊಂಡು ಅವನಿಗಿಂತ ಮುಂದೆ ಹತ್ತಿದಳು.

ಪಾಠದ ಕೋಣೆ ತುಂಬಿತ್ತು. ಸ್ಟಾರ್ ಮೇಷ್ಟ್ರು ಮೈಕು ಹಿಡಿದೇ ನಕ್ಕ. “ಬಾಮ್ಮ, ಬಾ. ಇವತ್ತಿನ ಪಾಠ ನಿನಗೇ ಬೇಕಾದದ್ದು.”

ಇನ್‌ಸ್ಪೆಕ್ಟರ್ ಹಿಂದಿನ ಕೋಣೆಯ ಪರದೆ ಸರಿಸಿದರು. ಮೇಜಿನ ಮೇಲೆ ಅಪ್ಪನ ಗಡಿಯಾರ. ಪಕ್ಕದಲ್ಲಿ ಬಳೆಯಾಕಾರದ ದೀಪ. ಮೆತ್ತನೆಯ ಬಟ್ಟೆಯಲ್ಲಿ ಜೋಪಾನವಾಗಿ ಸುತ್ತಿಟ್ಟಿದ್ದ ಒಂದು ಒಡೆದ ಗಾಜು.

“ಇದು ನಾನು ಕೊಂಡ ಸಾಮಾನು,” ಎಂದ ಮೇಷ್ಟ್ರು. “ಬೇರೆ ಹೆಸರಲ್ಲಿ ಕೊಳ್ಳೋದು ಎಲ್ಲರೂ ಮಾಡೋದೇ. ಗಾಜು ಒಡೆದೇ ಬಂತು, ದೂರು ಕೊಟ್ಟೆ.”

“ಯಾವ ಗಾಜು?” ಎಂದ ಸರ್ವೇಯರ್.

“ಇದರದ್ದೇ.”

ಇನ್‌ಸ್ಪೆಕ್ಟರ್ ಚೀಲದಿಂದ ದುಂಡನೆಯ ಗಾಜೊಂದನ್ನು ತೆಗೆದು ಎಲ್ಲರಿಗೂ ಕಾಣುವಂತೆ ಹಿಡಿದರು. ಒಂದು ಗೀರೂ ಇರಲಿಲ್ಲ. “ಇದರದ್ದು ಇಲ್ಲಿದೆ. ಡಬ್ಬ ಕಟ್ಟುವಾಗಿಂದ ನನ್ನ ಹತ್ರಾನೇ ಇದೆ. ಕಳಿಸದ ಗಾಜು ನಿಮ್ಮ ಕೈ ಹೇಗೆ ಕೊಯ್ತು?”

ಮೇಷ್ಟ್ರು ಮೈಕನ್ನು ಆರಿಸಿದ.

“ಡಬ್ಬ ಬಿಚ್ಚಿದವರು ಗಾಜಿಲ್ಲ ಅಂತ ಬರೀತಾರೆ,” ಎಂದ ಸರ್ವೇಯರ್. “ನೀವು ಸಾಮಾನು ನೋಡಿ ದೂರು ಬರೆಯೋರಲ್ಲ. ದೂರು ಮೊದಲೇ ಬರೆದಿಟ್ಟು ಸಾಮಾನು ತರಿಸೋರು. ಆರು ಸಲ ಬರೆದದ್ದನ್ನೇ ಏಳನೇ ಸಲಾನೂ ಹಾಕಿದ್ರಿ. ಬೆಲೆ ಇಳಿಸು ಅಂತ ಹೇಳಿಕೊಟ್ಟವರೂ ನೀವೇ, ಇಳಿದ ಬೆಲೆಗೆ ಕೊಂಡವರೂ ನೀವೇ. ಆ ಆರು ಗಡಿಯಾರ ಎಲ್ಲಿ?”

ಹುಡುಕುವುದೇನೂ ಕಷ್ಟವಾಗಲಿಲ್ಲ. ಆರನ್ನೂ ಮೇಷ್ಟ್ರು ತನ್ನ ಹೆಸರಲ್ಲೇ ಭರ್ಜರಿ ಬೆಲೆಗೆ ಮಾರಿದ್ದ. ಕೊಂಡವರು ಬರೆದ ಮಾತುಗಳು ಅವನ ಪುಟದಲ್ಲಿ ಮೆರೆಯುತ್ತಿದ್ದವು. ‘ಎಂಥ ನಾಜೂಕಿನ ರಿಪೇರಿ.’ ‘ಗಂಟೆಯ ನಾದ ಅದ್ಭುತ.’ ಎಲ್ಲಕ್ಕೂ ಐದೈದು ಸ್ಟಾರ್.

ಅಕ್ಕ ಅವನ್ನು ಒಂದೊಂದಾಗಿ ಓದಿದಳು. “ನಿಮ್ಮನ್ನ ದೇವರು ಅಂದಿದ್ದೆ ಮೇಷ್ಟ್ರೇ,” ಎಂದಳು. “ಥೂ.”

ಹಿಂದಿನ ಬೆಂಚಿನಿಂದ, ಕಸೂತಿ ಮಾಡಿ ಮಾರುವ ಹೆಂಗಸೊಬ್ಬಳು ಎದ್ದು ನಿಂತಳು. “ನನ್ನ ಬಟ್ಟೆ ಮೇಲೆ ಕಲೆ ಇದೆ ಅಂತ ದೂರು ಬಂದಿತ್ತಲ್ಲ. ಅದೂ ನೀವೇನಾ?”

ಕೋಣೆಯಲ್ಲಿದ್ದವರೆಲ್ಲ ಒಬ್ಬೊಬ್ಬರಾಗಿ ತಮ್ಮ ತಮ್ಮ ಮೊಬೈಲು ತೆಗೆದು, ತಮಗೆ ಬಂದ ದೂರುಗಳ ಫೋಟೋಗಳನ್ನು ಅಕ್ಕಪಕ್ಕ ಹಿಡಿದು ನೋಡತೊಡಗಿದರು. ಮೇಷ್ಟ್ರು ಹೊರಗೆ ಹೋಗಲು ನೋಡಿದ. ಬಾಗಿಲಲ್ಲಿ ಪಾರ್ಸೆಲ್ ಅಣ್ಣ ಎದೆ ಸೆಟೆಸಿ ನಿಂತಿದ್ದ.

* * *

ಕೆಲವು ದಿನಗಳ ಮೇಲೆ ಸಹಾಯವಾಣಿಯ ಅದೇ ಹುಡುಗಿ ಫೋನು ಮಾಡಿದಳು. ಖಾತೆ ತೆರೆದಿದೆ, ಏಳು ದೂರುಗಳನ್ನು ಅಳಿಸಲಾಗಿದೆ ಎಂದಳು.

“ಆ ಆರು ಗಡಿಯಾರಕ್ಕೆ ಬಂದ ಸ್ಟಾರ್ ನಂದಲ್ವೇನಮ್ಮ?” ಎಂದು ಅಕ್ಕ ಕೇಳಿದಳು.

“ಅದನ್ನ ವರ್ಗಾಯಿಸೋಕೆ ಸಿಸ್ಟಂನಲ್ಲಿ ಅವಕಾಶ ಇಲ್ಲ ಮೇಡಂ.”

“ತಪ್ಪಾಯ್ತು ಅಂತ ಹೇಳೋಕೆ?”

“ಅದಕ್ಕೂ ಇಲ್ಲ ಮೇಡಂ,” ಎಂದಳು ಹುಡುಗಿ ಸಣ್ಣ ದನಿಯಲ್ಲಿ.

ಕರೆ ಮುಗಿಯಿತು. ಮರುಕ್ಷಣವೇ ಮೊಬೈಲಿನಲ್ಲಿ ಐದು ಖಾಲಿ ನಕ್ಷತ್ರಗಳು ಸಾಲಾಗಿ ಮೂಡಿದವು. ‘ನಿಮ್ಮೊಡನೆ ಮಾತಾಡಿದ ಸಿಬ್ಬಂದಿಗೆ ಎಷ್ಟು ಅಂಕ ಕೊಡುತ್ತೀರಿ?’

ಸರ್ವೇಯರ್‌ಗೆ ಮೈಯೆಲ್ಲ ಉರಿಯಿತು. “ಕೊಡಿಲ್ಲಿ. ಒಂದು ಹಾಕ್ತೀನಿ. ಗೊತ್ತಾಗ್ಲಿ ಅವರಿಗೂ.”

“ಯಾರಿಗೆ ಗೊತ್ತಾಗುತ್ತೆ? ಸಿಸ್ಟಂಗಾ?” ಅಕ್ಕ ಅವನ ಕೈಯನ್ನು ಪಕ್ಕಕ್ಕೆ ತಳ್ಳಿದಳು. “ಆ ಹುಡುಗಿ ಹೊಟ್ಟೆ ಮೇಲೆ ಹೊಡೀತೀಯಾ?”

ಮೊಬೈಲನ್ನು ಮೇಜಿನ ಮೇಲೆ ಬೋರಲು ಹಾಕಿದಳು. ಠಾಣೆಯಿಂದ ವಾಪಸ್ ಬಂದಿದ್ದ ಅಪ್ಪನ ಗಡಿಯಾರಕ್ಕೆ ಅದರ ಗಾಜನ್ನು ಕೂರಿಸಿ, ಮೂಲೆಯ ಮೊಳೆಗೆ ತೂಗುಹಾಕಿ, ಕೀಲಿ ಕೊಟ್ಟಳು.