ತಟ್ಟಬಾರದ ಪೀಪಾಯಿ

"ಒಂಬತ್ತನೇ ಪೀಪಾಯಿ ಮಾತ್ರ ತಟ್ಟಬೇಡಪ್ಪ," ಎಂದಳು ಒಟಿಲಿಯಾ.

ಸಾರ್ ನದಿಯ ದಂಡೆಯ ಆ ಪುಟ್ಟ ವೈನರಿಯ ಮುದಿ ಒಡತಿ ಅವಳು. ಕೊನ್ರಾಡ್ ಪಟ್ಟಣದಲ್ಲಿ ವೈನ್ ವಿದ್ಯೆ ಓದಿ, ನೆಲಮಾಳಿಗೆ ನೋಡಿಕೊಳ್ಳಲು ಆ ವಾರವಷ್ಟೇ ಬಂದಿದ್ದ. ಜೊತೆಗೆ ತುಂಬು ಬಸುರಿ ಹೆಂಡತಿ ಲಿಯೋಬಾ. ಎಂಟು ವರ್ಷ ಹಂಬಲಿಸಿದ ಮೇಲೆ ನಿಂತ ಬಸಿರು.

"ತಟ್ಟದೆ ಎಷ್ಟು ತುಂಬಿದೆ ಅಂತ ಹೇಗೆ ಗೊತ್ತಾಗುತ್ತೆ ಅಮ್ಮಾವ್ರೇ? ಅದರ ನಿದ್ದೆ ಕೆಡುತ್ತಾ?"

ಮುದುಕಿ ನಗಲಿಲ್ಲ. "ನಮ್ಮ ತಾತನ ಕಾಲದಲ್ಲಿ ಸೆರ್ವಾಸ್ ಅಂತ ಒಬ್ಬ ಆಳು, ಒಳಗೆಲ್ಲ ಉಜ್ಜೋಕೆ ಅಂತ, ಆಳೆತ್ತರದ ಆ ಪೀಪಾಯಿಯ ಮುಂದಿರೋ ಸಣ್ಣ ಬಾಗಿಲಲ್ಲಿ ನುಸುಳಿ ಹೋದ. ಯಾರೋ ನೋಡದೆ ಬಾಗಿಲು ಬಿಗಿದ್ರು. ಪಾಪ, ತಟ್ಟಿದ, ತಟ್ಟಿದ. ಪಕ್ಕದ ಪೀಪಾಯೀಲಿ ಹೊಸ ರಸ ಉಕ್ಕೋ ಸದ್ದು ಅಂದ್ಕೊಂಡು ತಾತ ಮೆಟ್ಟಿಲು ಹತ್ತಿಬಿಟ್ರು. ಅವನ ತಾಯಿ ಮಾಟದವಳು. ಸತ್ತ ಮಗನ ಕೂದಲನ್ನ ಹುಳಿತ ದ್ರಾಕ್ಷಿರಸದಲ್ಲಿ ಕಲಸಿ ಹಲಗೆಗೆ ಬಳಿದ್ಲು. ಇದನ್ನ ತಟ್ಟಿದವನ ಕೂಗು ಅವನ ಸ್ವಂತದವರಿಗೆ ಕೇಳದೆ ಹೋಗ್ಲಿ ಅಂದ್ಲು."

"ನನ್ನ ಹೆಂಡತಿಗೆ ಈಗಲೂ ನನ್ನ ಮಾತು ಕೇಳಿಸಲ್ಲ ಬಿಡಿ!"

ಓದಿದವನ ಕೊಬ್ಬಿಗೆ ಮದ್ದಿಲ್ಲ. ಮಧ್ಯಾಹ್ನವೇ ಅವನು ಕೆಳಗಿಳಿದ. ಹೊರಗೆ ಅಕ್ಟೋಬರಿನ ಬಿಸಿಲು. ಒಳಗೆ ಒದ್ದೆ ಕಲ್ಲಿನ ತಣ್ಪು, ಹಸಿರು ಸೇಬಿನಂಥ ವಾಸನೆ, ಉಕ್ಕುವ ರಸದ ಗುಳುಗುಳು. ಗೋಡೆಯಲ್ಲೆಲ್ಲ ಕರಿ ಬೂಷ್ಟು. ಒಂಬತ್ತನೆಯದರ ಮುಂದೆ ನಿಂತು ಬೆರಳ ಗೆಣ್ಣು ಮಡಿಸಿದ.

ಟಕ್. ಟಕ್. ಟಕ್.

ಪೊಳ್ಳು ಸದ್ದು. ಖಾಲಿ. ಅವನು ತಿರುಗಿದ.

ಟಕ್. ಟಕ್. ಟಕ್.

ಒಳಗಿನಿಂದ! ಆಮೇಲೆ ಉಗುರು ಕೆರೆಯುವ ಸದ್ದು. ಕೊಳೆತ ಹುಳಿಯ ನಾತ ಮೂಗಿಗೆ ಅಡರಿತು. ಬಿದ್ದು ಎದ್ದು ಮನೆಗೆ ಓಡಿದ.

"ಲಿಯೋಬಾ!" ಬಾಗಿಲಲ್ಲೇ ಕೂಗಿದ. ಅವಳು ಬೆನ್ನು ಹಾಕಿ ಆಲೂಗಡ್ಡೆ ಸುಲಿಯುತ್ತಿದ್ದಳು. ಭುಜ ಮುಟ್ಟಿದಾಗ ಬೆಚ್ಚಿಬಿದ್ದಳು.

"ಅಯ್ಯೋ, ಕಳ್ಳನ ಹಾಗೆ ಬರ್ತೀಯಲ್ಲೋ! ಬಾಯಿ ಯಾಕೆ ಸುಮ್ನೆ ಆಡಿಸ್ತಿದೀಯ? ಮಾತಾಡೋ!"

ಊರಿಗೆಲ್ಲ ಅವನ ಮಾತು ಕೇಳಿಸುತ್ತಿತ್ತು, ಅವಳಿಗೊಬ್ಬಳಿಗೆ ಇಲ್ಲ. ವೈದ್ಯರು ಕಿವಿ ನೋಡಿದರು, ಪಾದ್ರಿ ನೀರು ಚಿಮುಕಿಸಿದರು. "ಬಿಡಿಸೋ ವಿದ್ಯೆ ಆ ಮಾಟದವಳ ಜೊತೆಗೇ ಮಣ್ಣಾಯ್ತಪ್ಪ," ಎಂದು ಒಟಿಲಿಯಾ ಅತ್ತಳು. ಬೆಟ್ಟದಲ್ಲಿ ಸಿಗುವ ಕಪ್ಪು ಕಲ್ಲಿನ ಚಪ್ಪಡಿಯ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿ ಅವನು ಸಂಸಾರ ಮಾಡಿದ. ಮಗಳು ವೆರೇನಾ ಹುಟ್ಟಿದಳು. ಯಾರು ಕರೆದರೂ ತಿರುಗುವ, ನಗುವ ಕೂಸು. ಅಪ್ಪ ಜೋಗುಳ ಹಾಡಿದರೆ ಮಾತ್ರ ಸುಮ್ಮನೆ ಅವನ ತುಟಿಯನ್ನೇ ನೋಡುತ್ತಿತ್ತು. ಆಗೆಲ್ಲ ಅವನು ಹಾಡು ನಿಲ್ಲಿಸಿ ತೊಟ್ಟಿಲು ತೂಗುತ್ತಿದ್ದ.

ಮೂರನೇ ಸುಗ್ಗಿ. ಕೊನ್ರಾಡ್ ಕಡಿದಾದ ಇಳಿಜಾರಿನ ತುದಿಯಲ್ಲಿ ದ್ರಾಕ್ಷಿ ಗೊಂಚಲು ಕೊಯ್ಯುತ್ತಿದ್ದ. ಕೆಳಗೆ ರಸ್ತೆಯಲ್ಲಿ ಲಿಯೋಬಾ ಬಗ್ಗಿ ಬುಟ್ಟಿ ತೊಳೆಯುತ್ತಿದ್ದಳು. ಅವಳ ಬೆನ್ನ ಹಿಂದೆ, ಬಾತುಕೋಳಿಯ ಬೆನ್ನುಹತ್ತಿ, ವೆರೇನಾ ನದಿಯ ಕಡೆ ನಡೆದಿದ್ದಳು.

"ವೆರೇನಾ!"

ಕತ್ತರಿ ಎಸೆದ. ಓಡಿದ. ಜಾರಿದ. ಬಳ್ಳಿಯ ಗೂಟ ತೊಡೆ ಸೀಳಿತು.

"ಲಿಯೋಬಾ! ಮಗು! ಹಿಂದೆ ನೋಡೇ!"

ಬೆಟ್ಟವೆಲ್ಲ ಮಾರ್ದನಿಸಿತು. ಆಚೆ ದಡದಲ್ಲಿ ಹಣ್ಣು ಕೊಯ್ಯುವವರಿಗೂ ಕೇಳಿಸಿತು. ಮಾತು ತಿಳಿಯದೆ, ತಮ್ಮನ್ನೇ ಕರೆದನೆಂದು ಅವರು ನಗುತ್ತಾ ಕೈ ಬೀಸಿದರು.

ಲಿಯೋಬಾ ಇನ್ನೊಂದು ಬುಟ್ಟಿ ಎತ್ತಿಕೊಂಡಳು. ವೆರೇನಾ ನೀರಿಗಿಳಿದಳು.